ಎರಡನೇ ಮಿಕ್ಸಿಗೆ ಮೂರೇ ಡೆಸಿಬಲ್

ನನ್ನ ಮೈದುನ ಹೆಂಡತಿಯ ಜೊತೆ ಜಗಳವಾಡಿ ಇಲ್ಲಿಯವರೆಗೆ ಒಮ್ಮೆಯೂ ಸೋತವನಲ್ಲ. ಏಕೆಂದರೆ ಅವನು ಜಗಳವಾಡುವುದೇ ಇಲ್ಲ, ಅಳೆಯುತ್ತಾನೆ!

ನನ್ನ ವಾರಗಿತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಯಿ ತೆರೆದಳು ಅನ್ನಿ. ಇವನು ಅಂಗಿ ಜೇಬಿನಿಂದ ಕರಿಯ ಮೀಟರೊಂದನ್ನು ತೆಗೆಯುತ್ತಾನೆ. ಟಾರ್ಚಿನಷ್ಟು ಉದ್ದ, ತಲೆಯ ಮೇಲೆ ಸ್ಪಂಜಿನ ಉಂಡೆ, ಹೊಟ್ಟೆಯ ಮೇಲೆ ನಂಬರ್ ತೋರಿಸುವ ಗಾಜು. ಅದನ್ನು ಅವಳ ಮುಖಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, "ಎಪ್ಪತ್ತೊಂಬತ್ತು. ಮೊನ್ನೆಗಿಂತ ಮೂರು ಇಳ್ದದೆ. ಯಾಕೆ, ಮೈ ಹುಷಾರಿಲ್ವಾ?" ಎನ್ನುತ್ತಾನೆ. ಇಂಥ ಗಂಡನ ಮೇಲೆ ಎಷ್ಟು ಹೊತ್ತು ಕೋಪ ಮಾಡಿಕೊಳ್ಳಲು ಸಾಧ್ಯ ಹೇಳಿ? ಅವಳು ಪಾತ್ರೆ ಕುಕ್ಕಿ ಒಳಗೆ ಹೋಗುತ್ತಾಳೆ. ಇವನು ಪಾತ್ರೆಯನ್ನೂ ಅಳೆಯುತ್ತಾನೆ.

ಗುಬ್ಬಿಯಲ್ಲಿ ಕೊಬ್ಬರಿ ಅಂಗಡಿಗಳ ಸಾಲಿನಲ್ಲಿ ಇವನದು ಮೈಕ್ ಸೆಟ್ ಅಂಗಡಿ. ಮದುವೆ, ಮುಂಜಿ, ಗೃಹಪ್ರವೇಶ, ಮಠದ ಕಾರ್ಯಕ್ರಮ, ಎಲ್ಲಕ್ಕೂ ಇವನದೇ ಬಾಕ್ಸು, ಇವನದೇ ವೈರು. ಅಂಗಡಿಯನ್ನು ಶುರು ಮಾಡಿದ್ದು ಅಣ್ಣ ತಮ್ಮ ಇಬ್ಬರೂ ಸೇರಿ. ಅಣ್ಣ ಎಂದರೆ ನಮ್ಮ ಯಜಮಾನರು. ಆಗ ಮೀಟರೂ ಇರಲಿಲ್ಲ, ಮಣ್ಣೂ ಇರಲಿಲ್ಲ. ತಮ್ಮ ಆಂಪ್ಲಿಫೈಯರ್ ಮುಂದೆ ಕೂತು ಗುಂಡಿ ತಿರುಗಿಸುತ್ತಿದ್ದ. ಇವರು ಮೈದಾನದಲ್ಲಿ ಹಾರ್ನಿನ ಎದುರಿಗೇ ನಿಂತು ದೂರದಿಂದ ಕೈ ತೋರಿಸುತ್ತಿದ್ದರು. ಅಂಗೈ ಮೇಲೆ ಎತ್ತಿದರೆ ಏರಿಸು, ಕೆಳಗೆ ಒತ್ತಿದರೆ ಇಳಿಸು, ಎದೆಯ ಮಟ್ಟಕ್ಕೆ ಅಡ್ಡ ಹಿಡಿದರೆ ಸಾಕು, ಅಲ್ಲೇ ಬಿಡು. ಅಷ್ಟು ವರ್ಷ ಹಾರ್ನಿನ ಬಾಯಿಗೆ ಕಿವಿ ಕೊಟ್ಟು ನಿಂತರೆ ಏನಾಗುತ್ತದೆ? ಆಗುವುದೇ ಆಯಿತು. ನಮ್ಮ ಯಜಮಾನರಿಗೆ ಈಗ ಗುಡುಗು ಕೂಡ ಗುಸುಗುಸು. ಕಿವಿಗೆ ಹಾಕುವ ಮಿಷನ್ನೂ ತಂದದ್ದಾಯಿತು. ಅದು ಕುಯ್ಯೆನ್ನುತ್ತದೆಂದು ಬೀರುವಿನಲ್ಲಿ ಇಟ್ಟಿದ್ದಾರೆ. ಅವರ ಕಿವಿ ಪೂರ್ತಿ ಹೋದ ಮೇಲೆ ಮೈದುನ ಆ ಮೀಟರ್ ತಂದ. ತಂದವನು ಮೈಕ್ ಅಳೆದು ಸುಮ್ಮನಿದ್ದನೇ? ಪ್ರಪಂಚವನ್ನೇ ಅಳೆಯತೊಡಗಿದ!

ಬಟವಾಡಿಯಲ್ಲಿ ಹೈವೇ ಪಕ್ಕದ ನಮ್ಮ ಮನೆಗೆ ಬಂದ ಎಂದರೆ ಮೊದಲು ಕುಕ್ಕರ್ ಕೂಗು, ಆಮೇಲೆ ಕಾಫಿ. ನೆಲದ ಮೇಲೆ ಬಿದ್ದ ತಂಬಿಗೆ, ಬಾತ್‌ರೂಮಿನ ಬಕೆಟ್ಟು, ಹಾಲಿನವನ ಗಂಟೆ, ಯಾವುದನ್ನೂ ಬಿಟ್ಟವನಲ್ಲ. ಒಂದು ದಿನ ನಾನು ತರಕಾರಿಯವನಿಗೆ ಬೈದದ್ದನ್ನು ನನ್ನ ಹಿಂದೆ ನಿಂತು ಅಳೆದ.

"ಎಪ್ಪತ್ತೆಂಟು ಅತ್ಗೆ," ಎಂದ, ಹೆಮ್ಮೆಯಿಂದ.

"ಎಷ್ಟಕ್ಕೆ? ನೂರಕ್ಕಾ?"

ಅವನ ಮುಖ ನೋಡಬೇಕಿತ್ತು. ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಬಂದವರನ್ನು ನೋಡುವ ಹಾಗೆ ನೋಡಿದ. ಇದು ಮಾರ್ಕ್ಸ್ ಅಲ್ಲವಂತೆ, ಕೆಜಿ ಅಲ್ಲವಂತೆ, ಲೀಟರ್ ಅಲ್ಲವಂತೆ. ಹಾಗಾದರೆ ಇನ್ನೇನಪ್ಪಾ ಎಂದೆ. ಅವನು ಸೀದಾ ಅಡುಗೆಮನೆಗೆ ಹೋಗಿ ನನ್ನ ಮಿಕ್ಸಿ ಹಾಕಿದ. ಚಟ್ನಿಗೆ ಇಟ್ಟಿದ್ದ ಕಾಯಿ ಒಳಗೇ ಇತ್ತು. ಮೀಟರ್ ಎಂಬತ್ತೈದು ತೋರಿಸಿತು.

"ಈಗ ಇಂಥದ್ದೇ ಇನ್ನೊಂದು ಮಿಕ್ಸಿ ಪಕ್ಕದಲ್ಲಿ ಹಾಕಿದ್ರೆ ಎಷ್ಟಾಯ್ತದೆ ಹೇಳಿ ಅತ್ಗೆ."

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಎಂಬತ್ತೈದಕ್ಕೆ ಎಂಬತ್ತೈದು ಕೂಡಲು ಅಷ್ಟು ಸಾಕು. ನೂರಾ ಎಪ್ಪತ್ತು ಎಂದೆ. ಅವನು ಕಾಂಪೌಂಡ್ ದಾಟಿ ಓಡಿದ. ಪಕ್ಕದ ಮನೆಯ ನೂರ್‌ಜಾನ್ ಮಸಾಲೆ ರುಬ್ಬುತ್ತಿದ್ದ ಮಿಕ್ಸಿಯನ್ನು ಮಸಾಲೆಯ ಸಮೇತ ಎತ್ತಿಕೊಂಡು ಬಂದ. ಹಿಂದೆಯೇ ಅವಳೂ ಸೌಟು ಹಿಡಿದು ಬಂದಳು. ಎರಡೂ ಮಿಕ್ಸಿ ಒಟ್ಟಿಗೆ ಅರಚಿದವು. ನಾವಿಬ್ಬರೂ ಮೀಟರಿಗೆ ಬಗ್ಗಿ ನೋಡಿದೆವು. ಎಂಬತ್ತೆಂಟು!

"ಬರೀ ಮೂರಾ?" ಎಂದಳು ನೂರ್‌ಜಾನ್. ಅವಳಿಗೆ ನಿಜವಾಗಿಯೂ ಬೇಜಾರಾಗಿತ್ತು. ಆಗದೆ ಇರುತ್ತದೆಯೇ? ನನ್ನ ಮಿಕ್ಸಿಗೆ ಎಂಬತ್ತೈದು, ಅವಳದಕ್ಕೆ ಮೂರು! ಅಷ್ಟೇ ಕರೆಂಟು ತಿಂದಿದೆ, ಅಷ್ಟೇ ಅರಚಿದೆ, ಮೇಲಾಗಿ ಅವಳದು ಹೊಸದು. ಇದ್ಯಾವ ನ್ಯಾಯ?

ಮೈದುನ ನೆಲದ ಮೇಲೆ ಕೂತು ವಿವರಿಸಿದ. ಡೆಸಿಬಲ್ ಎನ್ನುವುದು ಸದ್ದು ಎಷ್ಟಿದೆ ಎನ್ನುವ ಲೆಕ್ಕ ಅಲ್ಲವಂತೆ, ಎಷ್ಟು ಪಟ್ಟು ಆಯಿತು ಎನ್ನುವ ಲೆಕ್ಕವಂತೆ. ಶಕ್ತಿ ಎರಡು ಪಟ್ಟಾದರೆ ಮೂರು ಏರುತ್ತದೆ. ಹತ್ತು ಪಟ್ಟಾದರೆ ಹತ್ತು. ನೂರು ಪಟ್ಟಾದರೆ ಇಪ್ಪತ್ತು. ಹತ್ತು ಮಿಕ್ಸಿ ತಂದು ಓಡಿಸಿದರೆ ಮೀಟರ್ ತೊಂಬತ್ತೈದಕ್ಕೆ ಬಂದು ನಿಲ್ಲುತ್ತದೆ. ಆಗಲೂ ನಮ್ಮ ಕಿವಿ ಮಾತ್ರ, ಓ, ಒಂದಕ್ಕೆ ಎರಡರಷ್ಟು ಆಯಿತು ಅಂದುಕೊಳ್ಳುತ್ತದಂತೆ.

ನಾನು ಹೇಳಿದೆ: ಸಾರಿನಲ್ಲಿ ಒಂದೇ ಮೆಣಸಿನಕಾಯಿ ಇದ್ದಾಗ ಇನ್ನೊಂದು ಬಿದ್ದರೆ ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ. ಹತ್ತು ಹಾಕಿರುವ ಸಾರಿಗೆ ಇನ್ನೊಂದು ಬಿದ್ದರೆ ಯಾವ ಗಂಡಸು ಕಂಡುಹಿಡಿಯುತ್ತಾನೆ? ಅಲ್ಲಿ ಅಷ್ಟೇ ಗೊತ್ತಾಗಬೇಕಾದರೆ ಮತ್ತೆ ಹತ್ತು ಹಾಕಬೇಕು. ಇದೇ ತಾನೇ?

ಮೈದುನ ಮೀಟರನ್ನು ಕಣ್ಣಿಗೆ ಒತ್ತಿಕೊಂಡು, "ಅತ್ಗೆ, ಇಷ್ಟಕ್ಕೆ ನಾನು ನೂರ್‌ಜಾನ್ ಮಿಕ್ಸಿ ತರ್ಬೇಕಿತ್ತಾ?" ಎಂದ. ತರಬೇಕಿರಲಿಲ್ಲ. ಅವಳ ಮಸಾಲೆ ನನ್ನ ಚಟ್ನಿಗೆ ಬಿದ್ದು ಆ ದಿನ ಎರಡೂ ಮನೆಯಲ್ಲಿ ಏನು ತಿಂದೆವೋ ಆ ದೇವರಿಗೇ ಗೊತ್ತು.

ಇಷ್ಟೆಲ್ಲ ತಿಳಿದವನು ವ್ಯಾಪಾರದಲ್ಲಿ ಜಾಣನಾಗಿರಬೇಕಲ್ಲ? ಎಲ್ಲಿಯ ಮಾತು! ಹೋದ ವರ್ಷ ಗುಬ್ಬಿಯಲ್ಲಿ ಗೃಹಪ್ರವೇಶದ ಯಜಮಾನನೊಬ್ಬ ಬಂದು, ಪಕ್ಕದ ಬೀದಿಯವರು ಎರಡು ಬಾಕ್ಸ್ ಇಟ್ಟಿದ್ದರು, ನನಗೆ ನಾಲ್ಕು ಇಡು, ಸೌಂಡ್ ಡಬಲ್ ಆಗಬೇಕು ಎಂದ. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಬಾಕ್ಸ್ ಇಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಇವನು, ನಾಲ್ಕು ಇಟ್ಟರೆ ಮೂರೇ ಏರುವುದು, ನಿಮ್ಮ ಕಿವಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ ಎಂದು ಅವನ ಜೊತೆ ಅರ್ಧ ದಿನ ವಾದ ಮಾಡಿದ. ಅವನು, ನಾಲ್ಕು ಎಂದರೆ ನಾಲ್ಕೇ ಎಂದು ಬೈದುಕೊಂಡು ಹೋದ. ಇವನು ಎರಡೇ ಬಾಕ್ಸ್ ತೆಗೆದುಕೊಂಡು ಹೋಗಿ, ಸ್ಟ್ಯಾಂಡನ್ನು ಜನ ಕೂರುವ ಜಾಗದ ಕಡೆಗೆ ಅರ್ಧ ದೂರ ಸರಿಸಿಟ್ಟ. ದೂರ ಅರ್ಧವಾದರೆ ಕಿವಿಗೆ ಬೀಳುವ ಶಕ್ತಿ ನಾಲ್ಕು ಪಟ್ಟಂತೆ, ಆರು ಡೆಸಿಬಲ್ ಪುಕ್ಕಟೆಯಂತೆ! ಗೃಹಪ್ರವೇಶದ ಯಜಮಾನ ಬಂದು ಕೈ ಕುಲುಕಿ, ನಾಲ್ಕು ಬಾಕ್ಸಿನ ಮಜವೇ ಬೇರೆ ಎಂದನಂತೆ. ಇವನು ಸುಮ್ಮನಿರದೆ, ಇರುವುದು ಎರಡೇ ಸ್ವಾಮಿ ಎಂದು ಎಣಿಸಿ ತೋರಿಸಿದ. ಮುಂದಿನ ಸಲ ಆ ಗಿರಾಕಿ ಬೇರೆ ಅಂಗಡಿಗೆ ಹೋದ. ಹೋಗದೆ ಇನ್ನೇನು?

ಇಷ್ಟು ಹೊತ್ತು ನಗಿಸಿದೆ. ಈಗ ನಮ್ಮ ಯಜಮಾನರ ವಿಷಯಕ್ಕೆ ಬರುತ್ತೇನೆ. ಕಿವಿ ಕೇಳದವರಿಗೆ ಒಂದು ತೊಂದರೆಯಲ್ಲ, ಎರಡು. ಬೇರೆಯವರ ಮಾತು ಕೇಳಿಸುವುದಿಲ್ಲ ಎನ್ನುವುದು ಒಂದು. ಅದರಿಂದ ಅವರಿಗೆ ಲಾಭವೇ ಹೆಚ್ಚು, ವಿಶೇಷವಾಗಿ ನನ್ನಂಥ ಹೆಂಡತಿ ಇದ್ದಾಗ. ತಮ್ಮ ಮಾತೂ ತಮಗೆ ಕೇಳಿಸುವುದಿಲ್ಲ ಎನ್ನುವುದು ಎರಡನೆಯದು. ಗಂಟಲಿಗೆ ಅಳತೆಯೇ ಇರುವುದಿಲ್ಲ. ಸಿಟಿ ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಗುಟ್ಟಾಗಿ, "ಮುಂದಿನ ಸೀಟಿನವಳ ಸೀರೆ ನಿನ್ನ ತಂಗೀದೇ ಕಣೇ" ಎಂದರೆ ಡ್ರೈವರ್ ಕೂಡ ತಿರುಗಿ ಸೀರೆ ನೋಡುತ್ತಾನೆ.

ನಮ್ಮ ಸೊಸೆ ಹೆರಿಗೆಗೆ ತವರಿಗೆ, ಕುಣಿಗಲ್ಲಿಗೆ ಹೋಗಿದ್ದಳು. ಹೆಣ್ಣು ಮಗು, ನಮಗೆ ಮೊದಲನೇ ಮೊಮ್ಮಗು. ಸುದ್ದಿ ಬಂದ ದಿನ ಯಜಮಾನರು ಫೋನ್ ಕಸಿದುಕೊಂಡು ಮಗುವಿನ ಜೊತೆ ಮಾತಾಡಿದರು. ಕುಣಿಗಲ್ಲಿನಲ್ಲಿ ಮಲಗಿದ್ದ ಮಗು ಬೆಚ್ಚಿಬಿದ್ದು ಸಂಜೆಯ ತನಕ ಅತ್ತಿತಂತೆ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ನಾಮಕರಣದ ದಿನ ಅಪ್ಪ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಸರು ಬರೆಯುತ್ತಾನೆ. ಮನೆಯ ಹಿರಿಯ ಗಂಡಸು ಅದನ್ನು ಓದಿ ಮಗುವಿನ ಕಿವಿಯಲ್ಲಿ ಮೆಲ್ಲಗೆ ಮೂರು ಸಲ ಹೇಳಬೇಕು. ಆಮೇಲೆಯೇ ಊರಿಗೆ ಹೇಳುವುದು. ಹೆಸರನ್ನು ಮೊದಲು ಕೇಳುವ ಹಕ್ಕು ಮಗುವಿನದು. ಹಿರಿಯ ಗಂಡಸು ಎಂದರೆ ಈಗ ನಮ್ಮ ಯಜಮಾನರೇ. ಅದಕ್ಕಾಗಿ ಮೊದಲೇ ಹೊಸ ಪಂಚೆ ತಂದಿಟ್ಟುಕೊಂಡಿದ್ದರು.

ಬೀಗಿತ್ತಿ ನಾಮಕರಣಕ್ಕೆ ಕರೆಯಲು ಬಂದರು. ಒಳ್ಳೆಯ ಹೆಂಗಸು, ಸುತ್ತಿ ಬಳಸಿ ಮಾತಾಡುವುದಿಲ್ಲ. ಆದ್ದರಿಂದಲೇ ನನಗೆ ಇಷ್ಟ. "ಎಳೇ ಕಿವಿ ಬೀಗ್ರೇ. ಇವ್ರು ಕೂಗಿದ್ರೆ ತಡ್ಕೊಳ್ಳುತ್ತಾ? ನಮ್ಮೆಜಮಾನ್ರ ಕೈಲಿ ಹೇಳ್ಸಣ," ಎಂದರು. ಅವರು ಹೇಳಿದ್ದರಲ್ಲಿ ಸುಳ್ಳು ಏನಿತ್ತು? ಆದರೆ ಯಜಮಾನರು ಎದುರಿಗೇ ಕೂತಿದ್ದರು. ಕಿವಿ ಹೋದವರು ಮುಖ ಓದುತ್ತಾರೆ. ನನ್ನ ಮುಖ ಓದಿದರು.

ಅವತ್ತಿನಿಂದ ಮಾತು ನಿಲ್ಲಿಸಿದರು. ಕಾಫಿ ಬೇಕಾದರೆ ಲೋಟ ತೋರಿಸುವುದು, ಬೇಡವಾದರೆ ತಲೆ ಅಲ್ಲಾಡಿಸುವುದು. ಪಂಚೆ ಬೀರುವಿನ ಒಳಗೆ, ಕಿವಿ ಮಿಷನ್ನಿನ ಪಕ್ಕಕ್ಕೆ ಹೋಯಿತು. ಮನೆಯಲ್ಲಿ ಗಡಿಯಾರದ ಟಿಕ್ ಟಿಕ್ ಕೇಳಿಸತೊಡಗಿತು. ಅಷ್ಟು ವರ್ಷ ಬಾಯಿ ಮುಚ್ಚಿ ಎಂದು ಬಯ್ದವಳು ನಾನೇ, ಆದರೂ ಆ ಟಿಕ್ ಟಿಕ್ ನನಗೆ ಹಿಡಿಸಲಿಲ್ಲ.

ಅಷ್ಟರಲ್ಲಿ ಮೈದುನ ಬಂದ. ವಿಷಯ ಕೇಳಿದ. ಅಣ್ಣನ ತೋಳು ತಿವಿದು ಮಾತಾಡಿಸಿದ. "ಏನ್ಲಾ?" ಎಂದರು ಇವರು. ಅವನು ಮೀಟರ್ ನೋಡಿದ.

"ಎಂಬತ್ತೆರಡು. ಮಗು ಕಿವೀಗೆ ನಲವತ್ತೆರಡು ಸಾಕು. ನಲವತ್ತು ಇಳಿಸ್ಬೇಕು ಅತ್ಗೆ, ಅಷ್ಟೇ."

ಅಷ್ಟೇನಾ, ಅರ್ಧಕ್ಕೆ ತಂದರಾಯಿತು ಎಂದುಬಿಟ್ಟೆ. ಮತ್ತೆ ದೇವರ ಮನೆಯ ಚಪ್ಪಲಿಯ ನೋಟ! ನಲವತ್ತು ಇಳಿಸುವುದು ಎಂದರೆ ಹತ್ತರಲ್ಲಿ ಒಂದು ಭಾಗ, ಅದರ ಹತ್ತರಲ್ಲಿ ಒಂದು, ಮತ್ತೆ ಹತ್ತರಲ್ಲಿ ಒಂದು, ಇನ್ನೂ ಒಮ್ಮೆ ಹತ್ತರಲ್ಲಿ ಒಂದು. ಒಟ್ಟು ಹತ್ತು ಸಾವಿರದಲ್ಲಿ ಒಂದೇ ಭಾಗ. ಅಂದರೆ ನನ್ನ ಗಂಡ ಇಷ್ಟು ದಿನ ಬೇಕಾದದ್ದಕ್ಕಿಂತ ಹತ್ತು ಸಾವಿರ ಪಟ್ಟು ಮಾತಾಡುತ್ತಿದ್ದರು. ನನಗೆ ಮೊದಲೇ ಅನುಮಾನವಿತ್ತು.

ಅಭ್ಯಾಸಕ್ಕೆ ಮಗು ಬೇಕಲ್ಲ? ಮೈದುನ ಗುಬ್ಬಿಯಿಂದ ತಂದಿದ್ದ ತೆಂಗಿನಕಾಯಿಯೊಂದಕ್ಕೆ ಟವೆಲ್ ಸುತ್ತಿ ಅಣ್ಣನ ತೊಡೆಯ ಮೇಲೆ ಮಲಗಿಸಿದ. ಹೇಳಲು ಒಂದು ಹೆಸರು ಬೇಕಲ್ಲ? ಮಗುವಿನ ಹೆಸರನ್ನು ಅಪ್ಪ ಅಮ್ಮ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. "ಅತ್ಗೆ ಹೆಸ್ರು ಹೇಳು," ಎಂದು ಮೈದುನ ನನ್ನತ್ತ ಬೆರಳು ಮಾಡಿ ತೋರಿಸಿದ. ಮದುವೆಯಾದಾಗಿನಿಂದ ನನ್ನನ್ನು "ಲೇ" ಎಂದೇ ಕರೆದವರು ಇವರು. ಹೆಸರು ನೆನಪಿದೆಯೋ ಇಲ್ಲವೋ ಎಂದು ನನಗೇ ಅನುಮಾನ. ಯಜಮಾನರು ತೆಂಗಿನಕಾಯಿಯ ಕಡೆ ಬಗ್ಗಿ ನನ್ನ ಹೆಸರು ಹೇಳಿದರು. ಎಂಬತ್ತು ಡೆಸಿಬಲ್! ಕಾಂಪೌಂಡಿನ ಆಚೆಯಿಂದ ನೂರ್‌ಜಾನ್ ಇಣುಕಿ, "ಅಜ್ಜಿ, ತಾತ ನಿಮ್ಮನ್ನೇ ಕರೀತವ್ರೆ," ಎಂದಳು. ನನ್ನನ್ನಲ್ಲಮ್ಮ, ತೆಂಗಿನಕಾಯಿಯನ್ನ ಎಂದೆ. ಅವಳು ಮತ್ತೇನೂ ಕೇಳದೆ ಒಳಗೆ ಹೋದಳು.

ಹೇಳಿದ ಕೂಡಲೇ ನಂಬರನ್ನು ಇವರ ಕಣ್ಣಿಗೆ ಹಿಡಿಯುವುದು. ಕಿವಿ ಮಾಡಬೇಕಾದ ಕೆಲಸ ಕಣ್ಣು ಮಾಡಬೇಕು. ಎಪ್ಪತ್ನಾಲ್ಕಕ್ಕೆ ಬಂತು. ಅರವತ್ತೈದಕ್ಕೆ ಬಂತು. ಅಲ್ಲಿಂದ ಐವತ್ತೆಂಟಕ್ಕೆ ಬಂದು ಸಿಕ್ಕಿಹಾಕಿಕೊಂಡಿತು. ಏನು ಮಾಡಿದರೂ ಇಳಿಯಲೊಲ್ಲದು. ಯಜಮಾನರು ಬರೀ ತುಟಿ ಅಲ್ಲಾಡಿಸಿದರೂ ಐವತ್ತೆಂಟು! ನಾನು, ಇವರು ಸುಮ್ಮನಿರುವುದೇ ಐವತ್ತೆಂಟು ಇರಬೇಕು ಎಂದೆ. ಆಮೇಲೆ ಮೈದುನನಿಗೆ ಹೊಳೆಯಿತು. ಅದು ಅಣ್ಣನ ಗಂಟಲಲ್ಲ, ಹೈವೇಯ ಲಾರಿಗಳು. ಮೀಟರಿಗೆ ನಮ್ಮವರು, ಹೊರಗಿನವರು ಎಂಬ ಭೇದವಿಲ್ಲ. ಲಾರಿಯ ಸದ್ದಿನ ಅಡಿಯಲ್ಲಿ ಪಿಸುಮಾತು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹತ್ತು ಮೆಣಸಿನಕಾಯಿಯ ಸಾರು!

ಮರುದಿನ ಅಣ್ಣ ತಮ್ಮ ಇಬ್ಬರೂ ತೆಂಗಿನಕಾಯಿ ಎತ್ತಿಕೊಂಡು ಆಟೋದಲ್ಲಿ ಗೂಳೂರಿನ ಕಡೆ ಹೋದರು. ರಸ್ತೆಯಿಂದ ದೂರ ಹೊಲದ ಬದುವಿನ ಮೇಲೆ ಕೂತರಂತೆ. ಟವೆಲ್ ಸುತ್ತಿದ ಕಾಯಿಗೆ ಒಬ್ಬ ಮುದುಕ ಪಿಸುಗುಟ್ಟುವುದು, ಇನ್ನೊಬ್ಬ ಮುದುಕ ಸ್ಪಂಜಿನ ಉಂಡೆ ಹಿಡಿಯುವುದು! ದಾರಿಯಲ್ಲಿ ಹೋಗುತ್ತಿದ್ದವರು ಯಾವುದೋ ಹರಕೆ ಎಂದುಕೊಂಡು ಚಪ್ಪಲಿ ಬಿಟ್ಟು ಕೈ ಮುಗಿದರಂತೆ. ಹಲವು ದಿನ ಹೀಗೇ ಹೋಗಿ ಬಂದರು. ಕೊನೆಗೆ ಒಂದು ಸಂಜೆ ಮೈದುನ ಗೇಟಿನಿಂದಲೇ ಕೂಗಿದ:

"ನಲವತ್ಮೂರು ಅತ್ಗೆ!"

ಆ ತೆಂಗಿನಕಾಯಿಯನ್ನು ಇಟ್ಟುಕೊಳ್ಳಬೇಕೆಂದು ಇಬ್ಬರೂ ಹೇಳಿದರು. ನನ್ನ ಹೆಸರನ್ನು ಅಷ್ಟು ಸಲ ಕೇಳಿಸಿಕೊಂಡ ಕಾಯಿ. ನಾನು ಅದನ್ನು ಒಡೆದು ಚಟ್ನಿ ಮಾಡಿದೆ. ಚೆನ್ನಾಗಿತ್ತು.

ಪಂಚೆ ಬೀರುವಿನಿಂದ ಹೊರಗೆ ಬಂತು. ಕುಣಿಗಲ್ಲಿನ ಛತ್ರಕ್ಕೆ ನಾವು ಹೋಗುವ ಹೊತ್ತಿಗೆ ಮೈದುನ ಬಾಕ್ಸ್ ಎಲ್ಲ ಕಟ್ಟಿ ಹಾಡು ಹಾಕಿದ್ದ. ನಾನು ಬೀಗಿತ್ತಿಗೆ ತೆಂಗಿನಕಾಯಿಯ ಕಥೆಯನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಬಹಳ ಹೊತ್ತು ಯಜಮಾನರ ಹೊಸ ಪಂಚೆ ನೋಡಿದರು.

"ಆಗ್ಲಿ ಬುಡಿ, ಅವ್ರೇ ಹೇಳ್ಲಿ. ಮಗು ನನ್ ತೊಡೆ ಮೇಲಿರ್ತದೆ. ಕೂಗಿದ್ರೋ, ಎತ್ಕೊಂಡು ಎದ್ದೋಯ್ತೀನಿ. ಆಮೇಲೆ ಬೇಜಾರ್ ಮಾಡ್ಕೋಬಾರ್ದು."

ಮಾಡಿಕೊಳ್ಳುವುದಿಲ್ಲ ಎಂದೆ. ನಾನಾದರೂ ಅದನ್ನೇ ಮಾಡುತ್ತಿದ್ದೆ. ಆದರೆ ತುಂಬಿದ ಛತ್ರದ ಮುಂದೆ ಮಗುವನ್ನು ಕಿತ್ತುಕೊಂಡು ಎದ್ದರೆ ಈ ಮನುಷ್ಯ ಮತ್ತೆ ಬಾಯಿ ತೆರೆಯುತ್ತಾರೆಯೇ?

ಮಗ ಅಕ್ಕಿಯಲ್ಲಿ ಹೆಸರು ಬರೆದು ತಟ್ಟೆಯನ್ನು ಅಪ್ಪನ ಮುಂದೆ ಹಿಡಿದ. ಇವರು ಕನ್ನಡಕ ಸರಿಮಾಡಿಕೊಂಡು ಓದಿ, ತಲೆ ಆಡಿಸಿದರು. ಮೈದುನ ಮೀಟರ್ ತೆಗೆದು ನೋಡಿ ಬೆಚ್ಚಿದ. ಛತ್ರದ ಸದ್ದೇ ಎಪ್ಪತ್ತೊಂಬತ್ತು! ಅದರಲ್ಲಿ ಮುಕ್ಕಾಲು ಪಾಲು ಇವನ ಬಾಕ್ಸುಗಳದೇ. ಇಲ್ಲಿ ಅಣ್ಣ ಪಿಸುಗುಟ್ಟಿದರೆ ಮೀಟರಿಗೆ ಹತ್ತುವುದು ಹೇಗೆ? ಬಟವಾಡಿಯ ಲಾರಿಗಳನ್ನು ಬೈದವನು ಇಲ್ಲಿ ತಾನೇ ಲಾರಿಯಾಗಿದ್ದ.

ನಾನು ನನ್ನ ಜೀವಮಾನದಲ್ಲಿ ನೋಡದ್ದನ್ನು ಆಗ ನೋಡಿದೆ. ನನ್ನ ಮೈದುನ, ಕಾರ್ಯಕ್ರಮದ ಮಧ್ಯದಲ್ಲಿ, ತನ್ನ ಸೆಟ್ಟನ್ನು ತಾನೇ ಆರಿಸಿದ! ಜನ ಕರೆಂಟ್ ಹೋಯಿತೆಂದು ಮೇಲೆ ನೋಡಿದರು. ಫ್ಯಾನುಗಳನ್ನೂ ಆರಿಸಿದ. ಅಡುಗೆಮನೆಗೆ ಓಡಿ ಹೋಗಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದ. ಜನ ತಾವಾಗಿಯೇ ಸುಮ್ಮನಾದರು. ಅವನು ವಾಪಸು ಬಂದು ಮಗುವಿನ ತಲೆಯ ಹತ್ತಿರ ಮೀಟರ್ ಹಿಡಿದು ಮೊಣಕಾಲೂರಿ ಕೂತ.

ಯಜಮಾನರು ಬಗ್ಗಿದರು. ಬಗ್ಗಿದವರಿಗೆ ಮೀಟರ್ ಎಲ್ಲಿ ಕಾಣಬೇಕು? ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅವರ ಕಣ್ಣು ಆ ಕಡೆ ಈ ಕಡೆ ಹುಡುಕಿತು. ಹೊಲದ ಬದುವಿನ ಮೇಲೆ ಕಲಿತದ್ದೆಲ್ಲ ಆ ನಂಬರನ್ನು ನೋಡಿಕೊಂಡೇ ಅಲ್ಲವೇ? ಬೀಗಿತ್ತಿಯ ಕೈ ಮಗುವಿನ ಬೆನ್ನಿನ ಕೆಳಗೆ ಸೇರಿದ್ದನ್ನು ನಾನು ನೋಡಿದೆ.

ಆಗ ಮೈದುನ ಇನ್ನೊಂದು ಕೈ ಎತ್ತಿದ. ಅಂಗೈಯನ್ನು ಕೆಳಗೆ ಮಾಡಿ ಮೆಲ್ಲಗೆ ಒತ್ತಿದ, ಇಳಿಸು ಎನ್ನುವ ಹಾಗೆ. ಇನ್ನೂ ಒತ್ತಿದ. ಯಜಮಾನರು ಆ ಕೈಯನ್ನು ನೋಡುತ್ತಲೇ ತುಟಿ ಅಲ್ಲಾಡಿಸಿದರು. ಕೈ ಎದೆಯ ಮಟ್ಟದಲ್ಲಿ ಅಡ್ಡ ನಿಂತಿತು. ಸಾಕು, ಅಲ್ಲೇ ಬಿಡು. ಮೂರು ಸಲ ಹೇಳಿದರು. ನಾನು ಒಂದು ಮಾರು ದೂರದಲ್ಲಿದ್ದೆ, ನನಗೆ ಏನೂ ಕೇಳಿಸಲಿಲ್ಲ. ಮಗು ನಿದ್ದೆಯಲ್ಲೇ ಒಂದು ಕಡೆ ಬಾಯಿ ವಾರೆ ಮಾಡಿ ಮತ್ತೆ ಮಲಗಿತು. ಬೀಗಿತ್ತಿ ಕೈಯನ್ನು ಹೊರಗೆ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಧೂಪದ ಹೊಗೆ ಎಂದರು. ಇರಬಹುದು.

ನಾನು ಎಷ್ಟು ಬಂತು ಎಂದು ನೋಡಲು ಮೀಟರಿಗೆ ಬಗ್ಗಿದೆ. ಗಾಜು ಕಪ್ಪಗಿತ್ತು. ನಂಬರೇ ಇಲ್ಲ!

"ಆಫ್ ಆಗಿದೆಯಲ್ಲಪ್ಪ ಇದು."

"ನಾನೇ ಆಫ್ ಮಾಡ್ದೆ," ಎಂದ. ಕುಕ್ಕರ್, ತಂಬಿಗೆ, ಹೆಂಡತಿಯ ಕೋಪ, ಯಾವುದನ್ನೂ ಬಿಡದವನು. ಯಾಕೋ ಎಂದೆ. ಅವನು ಮೀಟರನ್ನು ಜೇಬಿಗೆ ತುರುಕುತ್ತಾ ಹೇಳಿದ, "ಅಷ್ಟು ವರ್ಷ ಅಣ್ಣ ಹಾರ್ನ್ ಮುಂದೆ ನಿಂತ್ಕಂಡು ಕೈ ತೋರುಸ್ತಿದ್ನಲ್ಲ ಅತ್ಗೆ. ನಾನು ಅವ್ನತ್ರ ಮೀಟರ್ ಕೇಳಿದ್ನಾ?"

ಅಷ್ಟು ಹೇಳಿ ಛತ್ರದ ಆ ತುದಿಗೆ ಹೋಗಿ ಸೆಟ್ ಹಾಕಿದ. ಊರಿಗೆಲ್ಲ ಹೆಸರು ಹೇಳಬೇಕಿತ್ತಲ್ಲ? ಮೈಕ್ ಮುಟ್ಟುವ ಮೊದಲು ಗುಂಡಿಯ ಮೇಲೆ ಬೆರಳಿಟ್ಟು, ಅಷ್ಟು ಜನರ ತಲೆಗಳ ಮೇಲಿಂದ ಅಣ್ಣನ ಕಡೆ ನೋಡಿದ. ತೊಟ್ಟಿಲ ಪಕ್ಕದಲ್ಲಿ ನಿಂತಿದ್ದ ನಮ್ಮ ಯಜಮಾನರು, ಗುಡುಗು ಕೂಡ ಕೇಳಿಸದ ನನ್ನ ಗಂಡ, ತಲೆಯನ್ನು ಸ್ವಲ್ಪ ವಾಲಿಸಿ ಕೇಳಿಸಿಕೊಳ್ಳುವವರ ಹಾಗೆ ನಿಂತರು. ಆಮೇಲೆ ಅಂಗೈ ಮೇಲೆ ಎತ್ತಿದರು.

ಮೈದುನ ಏರಿಸಿದ. ಅವರು ಇನ್ನೂ ಎತ್ತಿದರು. ಅವನು ಇನ್ನೂ ಏರಿಸಿದ. ಮಗು ಎದ್ದು ಕಿರುಚಿಕೊಂಡಿತು. ಎಷ್ಟು ಡೆಸಿಬಲ್ ಎಂದು ಯಾರೂ ಅಳೆಯಲಿಲ್ಲ.